ಒಂದು ಮೊಳ ಅಗಲ

ನದಿಯ ದಂಡೆಯಲ್ಲಿ, ಹೆದ್ದಾರಿಗೆ ಮುಖ ಮಾಡಿಕೊಂಡು ಮೌನೇಶಪ್ಪನವರ ಶೆಡ್ಡು. ಅವರ ಅಪ್ಪ ಎತ್ತಿನ ಗಾಡಿ ಮಾಡುತ್ತಿದ್ದರು. ಇವರು ಲಾರಿಗೆ ಕಟ್ಟುವ ಟ್ರೇಲರ್ ಮಾಡುತ್ತಾರೆ.

ಅವರ ಶಿಷ್ಯೆ ಸುಲೋಚನಾ. ಡಿಪ್ಲೊಮಾ ಮುಗಿಸಿ ಬಂದು ನಾಲ್ಕು ವರ್ಷ ವೆಲ್ಡಿಂಗ್ ಹೊಗೆ ಕುಡಿದವಳು. ಐದನೆಯ ವರ್ಷ ಮೌನೇಶಪ್ಪ ಅವಳ ಕೈಗೆ ಅಳತೆ ಟೇಪು ಕೊಟ್ಟು, "ಈ ಸಲದ ಟ್ರೇಲರ್ ನಿಂದು. ನಾನು ಬರೀ ಚಹಾ ಕುಡಿಯೋದು" ಅಂದರು.

ಟ್ರೇಲರ್ ಬೇಕಾಗಿದ್ದದ್ದು ನಾಟಕ ಕಂಪನಿಯ ಮಾಲೀಕ ಸಂಗಮೇಶಯ್ಯನಿಗೆ. ಮಾತಾಡಿದರೆ ಶೆಡ್ಡಿನ ತಗಡು ನಡುಗುವಂಥ ಗಂಟಲು.

"ಊರೂರಿಗೆ ಹೋಗಬೇಕು. ನಿಂತಲ್ಲೇ ಅದು ರಂಗಸ್ಥಳ ಆಗಬೇಕು. ಭೀಮ ಗದೆ ಬೀಸಿದರೆ ದುರ್ಯೋಧನನಿಗೆ ತಪ್ಪಿಸಿಕೊಳ್ಳೋಕೆ ಜಾಗ ಬೇಕು ತಾಯೀ! ಎರಡೂ ಕಡೆ ಒಂದೊಂದು ಮೊಳ ಅಗಲ ಹೆಚ್ಚಿಗೆ ಇಡು. ಆಗಲ್ಲ ಅಂದ್ರೆ ಹೇಳಿಬಿಡು, ಮಾಡಿಕೊಡೋ ಶೆಡ್ಡು ಬೇರೆ ಇದಾವೆ."

ಸುಲೋಚನಾ ಎರಡು ದಿನ ಕೂತು ನಕ್ಷೆ ಬರೆದಳು. ಮೊಳ ಮೊಳ ಹೆಚ್ಚಿಗೆ ಇಟ್ಟೇ ಬರೆದಳು.

ಮೌನೇಶಪ್ಪ ನಕ್ಷೆ ನೋಡಿ ಕೇಳಿದರು, "ಸಾರಿಗೆ ನಿಯಮದ ಪುಸ್ತಕ ನೋಡಿದೆಯಾ?"

"ನೋಡಿದೆ ಅಜ್ಜ. ಎಷ್ಟು ಅಗಲ, ಎಷ್ಟು ಎತ್ತರ, ಹಿಂದಿನ ದೀಪ ಎಲ್ಲಿ, ಕೆಂಪು ಪಟ್ಟಿ ಎಲ್ಲಿ... ಎಲ್ಲಾ ಅದರಲ್ಲೇ ಬರೆದಿಟ್ಟರೆ ನಾವು ಮಾಡೋದೇನು? ಎಲ್ಲೋ ಕುರ್ಚಿ ಮೇಲೆ ಕೂತವರು ಬರೆದದ್ದು. ಒಂದು ಮೊಳದಿಂದ ಯಾರಿಗೆ ಏನಾಗುತ್ತೆ?"

ಮೌನೇಶಪ್ಪ ಎದ್ದು ಹೋಗಿ ಒಂದು ಬಿದಿರು ತಂದರು. ಅದನ್ನು ತಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಅಡ್ಡವಾಗಿ ಕಟ್ಟಿದರು. ಎರಡೂ ತುದಿ ಸರಿಯಾಗಿ ಒಂದೊಂದು ಮೊಳ ಹೊರಗೆ ಚಾಚಿಕೊಂಡವು.

"ಹಳೇ ಸೇತುವೆ ಆಚೆ ಮೆಣಸಿನಕಾಯಿ ಬಜ್ಜಿ ಕರೀತಾ ಇದಾರೆ. ಬಿಸಿಬಿಸಿ ತಗೊಂಡು ಬಾ. ಬಿದಿರು ಬಿಚ್ಚಬಾರದು."

ಸುಲೋಚನಾ ನಕ್ಕು ಸೈಕಲ್ ಹತ್ತಿದಳು.

ಸೇತುವೆಯ ಮೇಲೆ ಹತ್ತು ಮಾರು ಹೋಗುವಷ್ಟರಲ್ಲಿ ನಗು ನಿಂತಿತು. ಮಜ್ಜಿಗೆ ಮಾರುವ ಹೆಂಗಸು, "ಕಣ್ಣು ಕಾಣಲ್ವೇನೇ!" ಅಂತ ಗಡಿಗೆ ಅಪ್ಪಿಕೊಂಡು ತಿರುಗಿದಳು. ಎದುರು ಬಂದ ಮುದುಕರೊಬ್ಬರ ಕೊಡೆ ಬಿದಿರಿಗೆ ಸಿಕ್ಕಿ ಇವಳ ಜೊತೆಗೇ ಹೊರಟುಬಿಟ್ಟಿತು. ಇಳಿದು ಅದನ್ನು ಬಿಡಿಸಿಕೊಡುವಾಗ ಬಿದಿರಿನ ಇನ್ನೊಂದು ತುದಿ ತಿರುಗಿ, ಹಿಂದೆ ಬರುತ್ತಿದ್ದ ಮೇಕೆಗಳೆಲ್ಲ ಚೆಲ್ಲಾಪಿಲ್ಲಿ.

ವಾಪಸು ಬರುವಾಗ ಒಬ್ಬ ಅಜ್ಜಿ ಎದುರಾದಳು. ಕಂಕುಳಲ್ಲಿ ಮಗು. ಅವಳು ಬೈಯಲಿಲ್ಲ. ಸುಮ್ಮನೆ ಸೇತುವೆಯ ಕಟ್ಟೆಗೆ ಬೆನ್ನು ಒತ್ತಿ, ಮಗುವಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಳು. ಕೆಳಗೆ ನದಿ.

ಸುಲೋಚನಾ ಸೈಕಲ್ಲಿಂದ ಇಳಿದಳು. ಅಜ್ಜಿ ದಾಟಿ ಹೋಗುವವರೆಗೂ ಸೈಕಲ್ಲನ್ನು ಓರೆ ಮಾಡಿ ಹಿಡಿದುಕೊಂಡಳು.

ಬಜ್ಜಿ ಆರಿಹೋಗಿತ್ತು. ಮೌನೇಶಪ್ಪ ಅದನ್ನೇ ಚಪ್ಪರಿಸುತ್ತಾ ಕೇಳಿದರು, "ಯಾರ್ಯಾರು ಸಿಕ್ಕರು?"

ಅವಳು ಒಬ್ಬೊಬ್ಬರನ್ನೇ ಹೇಳಿದಳು. ಅಜ್ಜಿಯ ಮಾತು ಬಂದಾಗ ಅವಳ ದನಿ ತಗ್ಗಿತು.

"ಅವರಲ್ಲಿ ಯಾರಾದರೂ ನಮ್ಮ ಹತ್ತಿರ ಟ್ರೇಲರ್ ಮಾಡಿಸೋಕೆ ಬರ್ತಾರಾ?"

"ಇಲ್ಲ ಅಜ್ಜ."

"ಸಂಗಮೇಶಯ್ಯ ತನಗೆ ಬೇಕಾದ್ದು ಬಂದು ಹೇಳಿದ. ಇವರಿಗೆ ಬೇಕಾದ್ದನ್ನ ಯಾರು ಹೇಳಬೇಕು?"

ಸುಲೋಚನಾ ಮೇಜಿನ ಮೇಲಿದ್ದ ನಿಯಮದ ಪುಸ್ತಕ ನೋಡಿದಳು. ನಕ್ಷೆಯನ್ನು ನಾಲ್ಕಾಗಿ ಹರಿದು ಚಹಾದ ಒಲೆಗೆ ಹಾಕಿದಳು.

ಮೂರು ದಿನ ಅವಳಿಗೆ ಊಟದ ಮೇಲೆ ಗಮನವಿರಲಿಲ್ಲ. ನಾಲ್ಕನೆಯ ದಿನ ಸಂಗಮೇಶಯ್ಯ ಬಂದ. ಹಳೇ ನಕ್ಷೆ ಒಲೆಗೆ ಬಿದ್ದ ಸುದ್ದಿ ಅವನಿಗೆ ಮುಟ್ಟಿತ್ತು; ಮುಖ ಬಿಗಿದುಕೊಂಡಿತ್ತು.

"ನನ್ನ ಮೊಳ ಏನಾಯಿತು?"

"ಮೊಳ ಕೊಡೋಕಾಗಲ್ಲ ಯಜಮಾನರೇ," ಅಂದಳು ಸುಲೋಚನಾ. "ಒಂದು ಮಾರು ಕೊಡ್ತೀನಿ."

ಹೊಸ ನಕ್ಷೆ ಬಿಡಿಸಿ ತೋರಿಸಿದಳು. ಟ್ರೇಲರಿನ ಎರಡೂ ಪಕ್ಕದ ಗೋಡೆಗೆ ಕೆಳಗಡೆ ಕೀಲು. ಓಡುವಾಗ ಗೋಡೆ. ನಿಂತ ಮೇಲೆ ಚಿಲಕ ತೆಗೆದು ಹೊರಕ್ಕೆ ಮಲಗಿಸಿ, ಅಡಿಗೆ ಕಾಲು ಕೊಟ್ಟರೆ, ಎರಡೂ ಕಡೆ ಒಂದೊಂದು ಮಾರು ರಂಗಸ್ಥಳ.

ಸಂಗಮೇಶಯ್ಯ ನಕ್ಷೆಯನ್ನು ತಲೆಕೆಳಗು ಮಾಡಿಯೂ ನೋಡಿದ. ಆಮೇಲೆ ಶೆಡ್ಡಿನ ನಡುವೆ ನಿಂತು, ತೊಡೆ ತಟ್ಟಿ, ಭೀಮನ ಪದ್ಯವೊಂದನ್ನು ಎತ್ತರದ ಶ್ರುತಿಯಲ್ಲಿ ಹಾಡಿಯೇಬಿಟ್ಟ. ಪಾರಿವಾಳಗಳೆಲ್ಲ ಎದ್ದು ಹಾರಿದವು.

ಎರಡು ತಿಂಗಳಿಗೆ ಟ್ರೇಲರ್ ಸಿದ್ಧವಾಯಿತು. ಸಾರಿಗೆ ಇನ್‌ಸ್ಪೆಕ್ಟರು ಅಳೆದರು, ಬ್ರೇಕು ಒತ್ತಿಸಿದರು, ಕೆಳಗೆ ನುಸುಳಿ ಗಾಲಿಯ ಅಚ್ಚು ನೋಡಿದರು, ರುಜು ಹಾಕಿದರು.

ಮೊದಲ ಊರಿಗೆ ಹೊರಟ ದಿನ ಗುರು ಶಿಷ್ಯೆ ಇಬ್ಬರೂ ಹೆದ್ದಾರಿಯ ಪಕ್ಕ ನಿಂತು ನೋಡಿದರು. ಟ್ರೇಲರ್ ತನ್ನ ಪಾಲಿನ ರಸ್ತೆಯಲ್ಲಿ ಮೆಲ್ಲಗೆ ಸಾಗಿತು. ಶಾಲೆ ಬಿಟ್ಟ ಹುಡುಗಿಯರು ಹರಟುತ್ತಲೇ ಪಕ್ಕದಲ್ಲಿ ನಡೆದು ಹೋದರು. ಹುಲ್ಲಿನ ಹೊರೆ ಹೊತ್ತವರ ಹೆಜ್ಜೆ ತಪ್ಪಲಿಲ್ಲ. ಒಬ್ಬರೂ ಅದರತ್ತ ತಲೆ ಎತ್ತಲಿಲ್ಲ.

ಸುಲೋಚನಾಗೆ ಯಾಕೋ ಪಿಚ್ಚೆನಿಸಿತು.

"ಅಷ್ಟು ಚಂದ ಮಾಡಿದೀನಿ ಅಜ್ಜ. ಒಬ್ಬರಾದರೂ ನೋಡಬೇಕೋ ಬೇಡವೋ?"

ಮೌನೇಶಪ್ಪನವರ ಮುಖ ಅರಳಿತು.

"ಆಟಕ್ಕೆ ನಿಂತಾಗ ಊರೆಲ್ಲ ನೋಡುತ್ತೆ, ತಾಯಿ. ರಸ್ತೆ ಮೇಲಿರುವಾಗ ಅವರಿಗೆ ಅವರ ಮನೆ ದಾರಿ ಕಂಡರೆ ಸಾಕು."