ಗೋಡೆಯಿಂದ ಪರಾತಕ್ಕೆ ಬಂದ ಅರಳಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ದ್ಯಾಮವ್ವನವರು. ಪೂಜ್ಯ ಶಾಂತವೀರಮ್ಮ ತಾಯಿಯವರ ಸನ್ನಿಧಿಯಲ್ಲಿ ಹತ್ತೊಂಬತ್ತು ವರ್ಷ ಕಸ ಗುಡಿಸುವ ಸೇವೆ ಮಾಡಿದವರು. ಕಂಡದ್ದನ್ನಷ್ಟೇ ಹೇಳುತ್ತಿದ್ದರು, ಕೂಡಿಸಿ ಹೇಳುವ ಚಟ ಅವರಿಗಿರಲಿಲ್ಲ.

ತಾಯಿಯವರಿಗೆ ಮಠವೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಊರಾಚೆಯ ಬಾವಿಯ ಪಕ್ಕ ಒಂದು ತಗಡಿನ ಕೋಣೆ, ಮುಂದೆ ಕಲ್ಲುಹಾಸು. ಆ ಹಾಸಿನ ಮೇಲೆ ಒಡೆದ ಮಡಕೆಯ ತಳ, ಹಿಟ್ಟು ನಾದುವ ಹಳೆಯ ಪರಾತ, ಕಲ್ಲಿನ ಮರಿಗೆ. ಒಂದೊಂದರಲ್ಲಿ ಒಂದೊಂದು ಮರ. ಅರಳಿ, ಆಲ, ಅತ್ತಿ. ಮೊಣಕಾಲೆತ್ತರ ಮೀರಿದ್ದು ಯಾವುದೂ ಇಲ್ಲ. ಎಲ್ಲವೂ ಗುಡಿಗೋಡೆಗಳ ಬಿರುಕಿನಲ್ಲಿ ಹುಟ್ಟಿದವು. ಬಿಟ್ಟರೆ ಗುಡಿ ಬೀಳುತ್ತದೆ, ಅರಳಿ ಕಡಿಯಲು ಯಾರಿಗೂ ಕೈ ಬಾರದು. ಹಾಗಾಗಿ ತಾಯಿಯವರೇ ಬೇರುಸಮೇತ ಬಿಡಿಸಿ ತಂದು ಸಾಕುತ್ತಿದ್ದರು. ಕೊಂಬೆ ಬಾಗಲೆಂದು ನೂಲಿಗೆ ಬೆಣಚುಕಲ್ಲು ಕಟ್ಟಿ ಇಳಿಬಿಡುತ್ತಿದ್ದರು. ಎತ್ತರ ಮೀರದಂತೆ ದಿನವೂ ಕತ್ತರಿ ಹಿಡಿದು ಸವರುತ್ತಿದ್ದರು.

ಒಮ್ಮೆ ಪೇಟೆಯ ಮಾಸ್ತರರೊಬ್ಬರು, "ಅವ್ವಾರ, ಇದಕ್ಕ ಬೋನ್ಸಾಯ್ ಅಂತಾರ. ಜಪಾನಿನವರ ವಿದ್ಯೆ ನಿಮಗ ಯಾರು ಕಲಿಸಿದರು?" ಎಂದರಂತೆ.

"ಹೌದೇನಪ್ಪಾ? ನನಗ ಗ್ವಾಡಿ ಕಲಿಸ್ತು" ಎಂದು ತಾಯಿಯವರು ನಕ್ಕರಂತೆ.

ಒಂದು ವರ್ಷ ಕಾರಹುಣ್ಣಿಮೆಯ ಹಿಂದುಮುಂದು, ಗೋಡೆ ಕಟ್ಟುವ ಗೌಂಡಿ ಯಮನೂರಪ್ಪನೆಂಬವನು ಅಲ್ಲಿಗೆ ಬಂದ. ಅವನೂರಿನ ಈಶ್ವರನ ಗುಡಿಯ ಗೋಡೆಯಲ್ಲಿ ಅರಳಿ ಬೆಳೆದು ಕಲ್ಲು ಸರಿದಿತ್ತು. ಹಿರಿಯರೆಲ್ಲ ಸೇರಿ ಕಡಿಸಲು ಒಪ್ಪಿದರು. ಕೊಡಲಿ ಹಿಡಿಯುವ ಹೊತ್ತಿಗೆ ಮಾತ್ರ ಒಬ್ಬರೂ ನಿಲ್ಲಲಿಲ್ಲ, ಇವನೇ ಕಡಿದ. ತಿಂಗಳೊಳಗೆ ಬಲಗೈ ನಡುಗತೊಡಗಿತು. ಕರಣಿಯಲ್ಲಿ ಗಾರೆ ನಿಲ್ಲದು. "ಅರಳಿ ಕಡಿದ ಕೈ" ಎಂದು ಜನ ಅವನನ್ನು ಮನೆ ಕಟ್ಟಲು ಕರೆಯುವುದನ್ನೇ ಬಿಟ್ಟರು.

"ಎಷ್ಟು ಸುತ್ತು ಹಾಕಲಿ ಯವ್ವಾ? ಯಾವ ಪೂಜಿ ಮಾಡಿಸಲಿ? ಗೌಂಡಿಗೆ ಕೈ ಹೋದ್ರ ಏನುಳಿತು?" ಎಂದು ಕೇಳಿದ. ಹೇಳುತ್ತಲೇ ಅವನ ಕಣ್ಣು ಕಲ್ಲುಹಾಸಿನ ಮೇಲಿನ ಕತ್ತರಿಯ ಮೇಲೆ ಬಿತ್ತು. ಮುಖ ಬಿಗಿಯಿತು. "ನಾನು ಒಂದು ಸಲ ಕಡದೆ, ಪಾಪ ಬಂತು. ನೀವು ದಿನಾ ಕಡೀತೀರಿ. ನಿಮಗ್ಯಾಕ ಬರಂಗಿಲ್ಲ?"

ದ್ಯಾಮವ್ವತ್ತೆ ಕಸಬರಿಗೆ ಹಿಡಿದು ಹಾಗೇ ನಿಂತರಂತೆ. ತಾಯಿಯವರು ಮಾತ್ರ ಸಿಟ್ಟಾಗಲಿಲ್ಲ.

"ಬೇರು ಎಲ್ಲೈತಿ?" ಎಂದು ಕೇಳಿದರು.

"ಗ್ವಾಡ್ಯಾಗ. ಮತ್ತ ಚಿಗತೈತಿ."

"ಹಂಗಾರ ಸತ್ತಿಲ್ಲ. ಹೋಗಿ ತಗೊಂಡು ಬಾ."

ಯಮನೂರಪ್ಪ ಎಡಗೈಯಿಂದಲೇ ಕಲ್ಲು ಸಡಿಲಿಸಿ, ಮೂರನೆಯ ದಿನ ಆ ಮೋಟನ್ನು ಹಸಿ ಗೋಣಿಯಲ್ಲಿ ಸುತ್ತಿ ತಂದ. ಬೇರು ಮೊಳದುದ್ದ, ಪರಾತ ಗೇಣಗಲ. ತಾಯಿಯವರು ಕತ್ತರಿಯನ್ನು ಅವನ ಬಲಗೈಗೇ ಕೊಟ್ಟರು.

"ಯವ್ವಾ, ಮತ್ತ ನನ್ನ ಕೈಲೇ?"

ಆಗ ತಾಯಿಯವರು ಆಡಿದ ಮಾತು ಇದು: "ಕಡದದ್ದು ತಪ್ಪಲ್ಲಪ್ಪಾ. ಕಡದು, ಹೊಳ್ಳಿ ನೋಡದ ಹೋದಿ. ಅದು ತಪ್ಪು. ನಾನು ಕಡದು ಅದರ ಹತ್ರನ ಕೂತೀನಿ, ಅಷ್ಟ."

ಅವನು ನಡುಗುತ್ತಲೇ ಬೇರು ಕತ್ತರಿಸಿದ. ಇಟ್ಟಂಗಿಪುಡಿ, ಉಸುಕು ಬೆರೆಸಿ ತಾಯಿಯವರು ಮೋಟನ್ನು ಕೂರಿಸಿದರು. ಅದೇ ಬಲಗೈಯಿಂದ ದಿನಕ್ಕೆರಡು ತಂಬಿಗೆ ನೀರು ಹನಿಸುವುದಷ್ಟೇ ಅವನ ಪಾಲಿನ ಸೇವೆ. ಪೂಜೆಯಿಲ್ಲ, ಮಂತ್ರವಿಲ್ಲ. ಮೊದಲ ದಿನ ಅರ್ಧ ನೀರು ಕಲ್ಲುಹಾಸಿನ ಪಾಲಾಯಿತು, ಅತ್ತೆಯವರೇ ಒರೆಸಿದರು. ಚಿಗುರಿದ್ದ ಎರಡೆಲೆಯೂ ಉದುರಿದಾಗ ಅವನು ಊಟ ಬಿಟ್ಟ. ತಾಯಿಯವರು, "ಅದು ಬೇರಿನ ಕಡೆ ನೋಡಾಕತ್ತೈತಿ. ನೀನು ಉಣ್ಣು" ಎಂದರು.

ಇಪ್ಪತ್ತಮೂರನೆಯ ದಿನ ಮೋಟಿನ ಬದಿಯಲ್ಲಿ ಕೆಂಪು ಮೊನೆಯೊಂದು ಕಂಡಿತು. ಯಮನೂರಪ್ಪ ಅದನ್ನೇ ನೋಡುತ್ತ ತಂಬಿಗೆ ಬಾಗಿಸಿದ. ಅತ್ತೆಯವರು ಒರೆಸಲು ಅರಿವೆ ತಂದರು. ಕಲ್ಲುಹಾಸು ಒಣಗಿಯೇ ಇತ್ತು. ಅವನು ತನ್ನ ಕೈ ನೋಡಿಕೊಳ್ಳಲಿಲ್ಲ, ಚಿಗುರನ್ನೇ ನೋಡುತ್ತಿದ್ದ.

ಮುಂದೆ ಆ ಗುಡಿಯ ಗೋಡೆಯನ್ನು ಅವನೇ ಕಟ್ಟಿ ಮುಗಿಸಿದ. ವರ್ಷಕ್ಕೊಮ್ಮೆ ಬಂದು ಆ ಅರಳಿಯ ಬೇರು ಸವರಿ, ಚಿಗುರುವ ತನಕ ಅದರ ಬಳಿಯೇ ಉಳಿದು ಹೋಗುತ್ತಿದ್ದ. ಊರೂರಿನ ಗೋಡೆಸಸಿಗಳನ್ನು ಬಿಡಿಸಿ ತರುವ ಕೆಲಸವೂ ಕ್ರಮೇಣ ಅವನದೇ ಆಯಿತು.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ನನ್ನ ಬಿನ್ನಹ. ಹೇಳುವಾಗ ಮಾತ್ರ ತಾಯಿಯವರು ಕೈ ವಾಸಿ ಮಾಡಿದರೆಂದು ಹೇಳಬೇಡಿ. ಅವರು ಅದನ್ನು ಒಪ್ಪುತ್ತಿರಲಿಲ್ಲ. ನೀರು ಹನಿಸಲು ಕೂರಿಸಿದರು ಎಂದಷ್ಟೇ ಹೇಳಿ.