ಪೆಮ್ಮಯ್ಯ ಗೆದ್ದ ಭತ್ತ

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು, ಕೊಡಗಿನ ಒಂದು ಊರಿನಲ್ಲಿ ಪೆಮ್ಮಯ್ಯ ಅಂತ ಒಬ್ಬ ಬೇಟೆಗಾರ ಇದ್ದನಂತೆ. ಅವನಂಥ ಗುರಿಗಾರ ಆಮೇಲೆ ಹುಟ್ಟಲಿಲ್ಲ. ಹಾರುವ ಹಕ್ಕಿಯ ನೆರಳಿಗೆ ಗುಂಡು ಹೊಡೆದರೂ ಹಕ್ಕಿ ಬೀಳುತ್ತಿತ್ತು ಅನ್ನುತ್ತಾರೆ. ನಾನು ನೋಡಿದ್ದಲ್ಲ, ನನಗೆ ಹೇಳಿದವರೂ ನೋಡಿದ್ದಲ್ಲ.

ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು, ಪೊನ್ನವ್ವ. ಒಂದು ಮಳೆಗಾಲ ಅವಳಿಗೆ ಜ್ವರ ಹಿಡಿಯಿತು. ಮನೆಯಲ್ಲಿ ಅಕ್ಕಿ ಮುಗಿದಿತ್ತು. ನೆರೆಯವಳನ್ನು ಮಗುವಿನ ಹತ್ತಿರ ಕೂರಿಸಿ ಅವನು ಕಾಡಿಗೆ ಹೋದ. ಬೇಟೆ ಹೊತ್ತು ಬರುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಕಡೆಯವರೆಗೂ ಬಾಗಿಲ ಕಡೆಗೇ ನೋಡುತ್ತಿತ್ತಂತೆ. ಪೆಮ್ಮಯ್ಯ ಕೋವಿಯನ್ನು ಅಟ್ಟಕ್ಕೆ ಹಾಕಿದವನು ವರ್ಷಗಟ್ಟಲೆ ಮುಟ್ಟಲಿಲ್ಲ.

ಹೀಗಿರುವಾಗ ಅದೇ ಊರಿನ ಕರುಂಬಯ್ಯನ ಪುಟ್ಟ ಮಗನಿಗೆ ಕಾಯಿಲೆ ಬಂತು. ಘಟ್ಟದ ಕೆಳಗೆ ವೈದ್ಯರ ಹತ್ತಿರವೇ ತಿಂಗಳುಗಟ್ಟಲೆ ಇರಬೇಕು ಎಂದರು. ಅಲ್ಲಿ ಉಣ್ಣುವುದೇನು? ಇಲ್ಲಿ ಗದ್ದೆ ನೋಡುವವರು ಯಾರು? ಕರುಂಬಯ್ಯ ಇಲ್ಲೇ ದುಡಿಯುವುದು, ಹೆಂಡತಿ ಮುದ್ದವ್ವ ಒಬ್ಬಳೇ ಮಗುವನ್ನು ಹೊತ್ತು ಹೋಗುವುದು ಎಂದಾಯಿತು. ಊರವರು ಭತ್ತ ತಂದರೆ ಕರುಂಬಯ್ಯ ಅಂಗಳದಲ್ಲೇ ತಡೆದ. ನಮ್ಮ ಮನೆಯಲ್ಲಿ ಕೈಯೊಡ್ಡಿದವರಿಲ್ಲ ಎಂದ.

ಇದು ಪೆಮ್ಮಯ್ಯನ ಕಿವಿಗೆ ಬಿತ್ತು. ಅವನು ಕೋವಿ ಇಳಿಸಿ, ತುಕ್ಕು ಉಜ್ಜಿ, ಸುತ್ತಣ ನಾಡಿಗೆಲ್ಲ ಹೇಳಿ ಕಳಿಸಿದ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪೆಮ್ಮಯ್ಯನನ್ನು ಸೋಲಿಸುವ ಆಸೆಯಿದ್ದವರು ಒಂದೊಂದು ಮೂಟೆ ಭತ್ತ ತಂದು ನಿಲ್ಲಲಿ, ಗೆದ್ದವನಿಗೆ ಅಷ್ಟೂ ಭತ್ತ.

ಆ ಆಸೆ ಯಾರಿಗಿರಲಿಲ್ಲ! ಬೆಟ್ಟ ಬೆಟ್ಟದಿಂದ ಬಂದರು. ರಾಶಿ ಆನೆಯೆತ್ತರ ಆಯಿತು ಅನ್ನುತ್ತಾರೆ. ವರ್ಷಗಳ ಮೇಲೆ ಪೆಮ್ಮಯ್ಯ ಕೋವಿ ಎತ್ತಿದ. ಮೊದಲ ಗುಂಡು ಕಾಯಿಯ ನಾರು ಸವರಿ ಹೋಯಿತು. ಆಮೇಲೆ ಒಂದೂ ತಪ್ಪಲಿಲ್ಲ.

ಸಂಜೆ ಅವನು ಮೂಟೆಗಳನ್ನು ಕರುಂಬಯ್ಯನ ಜಗಲಿಗೆ ಹೊತ್ತು ತಂದ. ಕರುಂಬಯ್ಯ ಮುಖ ತಿರುಗಿಸಿದ.

"ಇದು ಭಿಕ್ಷೆಯಲ್ಲ ಮಾರಾಯ, ನಾನು ಹೊಡೆದ ಬೇಟೆ," ಎಂದ ಪೆಮ್ಮಯ್ಯ. "ಬೇಟೆಯಲ್ಲಿ ನೆರೆಮನೆಗೆ ಪಾಲಿಲ್ಲವೇ? ಗದ್ದೆ ನಾನು ನೋಡುತ್ತೇನೆ. ನೀವಿಬ್ಬರೂ ಹೋಗಿ. ಇಬ್ಬರೂ."

ಇಬ್ಬರೂ ಹೋದರು. ಪೆಮ್ಮಯ್ಯ ಅವರ ಗದ್ದೆ ಉತ್ತ, ನೆಟ್ಟ, ಕಾದ. ಪೈರು ಕೊಯ್ಲಿಗೆ ಬಂದಾಗ ಅವರು ಹಿಂತಿರುಗಿದರು. ಮಗು ಇರಲಿಲ್ಲ.

ಕರುಂಬಯ್ಯ ಗದ್ದೆಯ ಬದುವಿನಲ್ಲಿ ಅವನೆದುರು ನಿಂತ. "ಮಗು ಉಳಿಯಲಿಲ್ಲ, ಪೆಮ್ಮಯ್ಯ. ಆದರೆ ಕಣ್ಣು ಮುಚ್ಚುವಾಗ ತಲೆ ಅವ್ವನ ತೊಡೆಯ ಮೇಲಿತ್ತು, ಕೈ ನನ್ನ ಕೈಯಲ್ಲಿತ್ತು."

ಪೆಮ್ಮಯ್ಯ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತು ಅತ್ತ. ಮಗಳು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲಂತೆ. ಮರುವರ್ಷ ಮತ್ತೆ ಪಂದ್ಯ ಕರೆದ. ಬದುಕಿರುವವರೆಗೂ ಕರೆದ, ಗೆದ್ದ ಭತ್ತವನ್ನು ಕಾಯಿಲೆಯ ಮಗುವಿದ್ದ ಮನೆಗೆ ಹೊತ್ತ. ಎಷ್ಟೋ ಮಕ್ಕಳು ಗುಣವಾಗಿ ನಡೆದು ಬಂದವು, ಕೆಲವು ಬರಲಿಲ್ಲ.

ಈಗಲೂ ಆ ಊರಿನಲ್ಲಿ ಪಂದ್ಯ ನಡೆಯುತ್ತದೆ. ಗೆದ್ದವನು ಭತ್ತ ಹೊತ್ತು ಕಾಯಿಲೆಯ ಮಗು ಮಲಗಿರುವ ಮನೆಗೆ ನಡೆಯುತ್ತಾನೆ, ಸೋತವರೆಲ್ಲ ಅವನ ಹಿಂದೆ. ನಮ್ಮಲ್ಲಿ ಸಾವಿನ ಸುದ್ದಿ ಸಾರಲೂ ಗುಂಡು ಹಾರಿಸುತ್ತಾರಲ್ಲ, ಕೋವಿ ಕಂಡು ಆ ಮನೆಯವರು ಬೆಚ್ಚಬಾರದು. ಅದಕ್ಕೇ ಎಲ್ಲರೂ ಕೋವಿ ಬರಿದು ಮಾಡಿ, ಅದರ ನಳಿಗೆಯನ್ನು ನೆಲಕ್ಕೆ ತಗ್ಗಿಸಿ, ಮಾತಿಲ್ಲದೆ ಹೋಗುತ್ತಾರೆ.