ಯಲ್ಲು ಸಿದ್ದಿಯ ಹೆಸರು

ಹೊಳೆ ದಂಡೆಗೆ ಒಂದು ಮಠ. ಮಠಕ್ಕೆ ಒಬ್ಬ ವಯಸ್ಸಾದ ಗುರು. ಸುತ್ತಲಿನ ಜನರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು.

ಆ ಮಠಕ್ಕೆ ಒಂದು ರೂಢಿ ಇತ್ತು. ತಪ್ಪು ಮಾಡಿದವನು ಬಂದು ಹೊಳೆಯಂಚಿನ ಕಲ್ಲಿನ ಮೇಲೆ ಕೂರಬೇಕು. ಯಾರಿಗೆ ತಪ್ಪು ಮಾಡಿದನೋ ಅವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಮಠದ ಶಿಷ್ಯ ಅವನ ತಲೆ ಬೋಳಿಸುತ್ತಾನೆ, ಕೂದಲು ನೀರಿಗೆ ಹೋಗುತ್ತದೆ. ಹೆಸರು ಹೇಳದಿದ್ದರೆ ಕತ್ತಿ ಮೇಲೇಳುವುದಿಲ್ಲ.

ಕತ್ತಿ ಹಿಡಿಯುವ ಕೆಲಸ ಪರಸನದು.

ಪರಸ ಸಿದ್ದಿ ಕುಲದವನು. ಅವನ ಹಿರಿಯರನ್ನು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ್ದರು. ಬಣ್ಣ ಕಪ್ಪು, ಕೂದಲು ಗುಂಗುರು. ಮಾತು, ಊಟ, ದೇವರು ಎಲ್ಲಾ ಇಲ್ಲಿಯವೇ. ಮಠದ ಉಳಿದ ಶಿಷ್ಯರೆಲ್ಲರ ತಲೆ ನುಣ್ಣಗಿತ್ತು. ಪರಸನ ತಲೆಗೆ ಮಾತ್ರ ಅಜ್ಜಾರು ಕತ್ತಿ ತಾಗಿಸಿರಲಿಲ್ಲ.

"ನನಗ್ಯಾಕ ಬೋಳಿಸಲಿಲ್ರೀ ಅಜ್ಜಾರ?" ಎಂದು ಅವನು ಒಮ್ಮೆ ಕೇಳಿದ್ದ.

"ಇರಲಿ ಬಿಡು, ಚಂದ ಅದಾವ," ಅಂದಿದ್ದರು.

ಚುನಾವಣೆ ಬಂತು. ಚುನಾವಣೆ ಬಂತೆಂದರೆ ನೋಡಿ, ಮರೆತ ದೇವರೂ ನೆನಪಾಗುತ್ತಾರೆ, ಮರೆತ ಪಾಪವೂ ನೆನಪಾಗುತ್ತದೆ. ಚುನಾವಣೆಗೆ ನಿಂತ ರಾಚಪ್ಪಣ್ಣ ಪ್ರಾಯಶ್ಚಿತ್ತಕ್ಕೆ ಮಠಕ್ಕೆ ಬರುತ್ತಾರಂತೆ ಎಂದು ಸುದ್ದಿಯಾಯಿತು.

ಆ ಮಾತು ಕೇಳಿದ ಮೇಲೆ ಪರಸನಿಗೆ ಅನ್ನ ಸೇರಲಿಲ್ಲ.

ಬಹಳ ವರ್ಷದ ಹಿಂದಿನ ಮಾತು. ರಾಚಪ್ಪ ಆಗಿನ್ನೂ ಚಿಗುರು ಮೀಸೆಯ ಪುಢಾರಿ. ಸಂತೆಯಲ್ಲಿ ಗಾಡಿ ಹತ್ತಿ ನಿಂತು ಭಾಷಣ ಬಿಗಿದಿದ್ದ. "ಈ ಗುಂಗುರು ತಲಿಯವರು ನಮ್ಮ ನೆಲದವರಲ್ಲ. ಬೋಳಿಸಿ ನೋಡ್ರಿ, ನಮ್ಮಂಥಾ ಕೂದಲ ಬರ್ತಾವೇನು!" ಪಡ್ಡೆ ಹುಡುಗರಿಗೆ ಅಷ್ಟೇ ಸಾಕಾಯಿತು. ಜೇನು ಮಾರಲು ಬಂದಿದ್ದ ಯಲ್ಲು ಸಿದ್ದಿಯನ್ನು ಹಿಡಿದು ಕೆಡವಿ, ಸಂತೆಯ ನಡುವೆ ತಲೆ ಬೋಳಿಸಿಬಿಟ್ಟರು. ರಾಚಪ್ಪ ಗಾಡಿಯ ಮೇಲೆ ನಿಂತು ನಕ್ಕ. ಸಂತೆಯೂ ನಕ್ಕಿತು.

ಆ ಯಲ್ಲು ಪರಸನ ಅಪ್ಪ. ಕೂದಲೇನೋ ಮತ್ತೆ ಬೆಳೆಯಿತು. ಆದರೆ ಅಂದು ಸುತ್ತಿಕೊಂಡ ರುಮಾಲನ್ನು ಅವನು ಮನೆಯೊಳಗೂ ಬಿಚ್ಚಲಿಲ್ಲ. ಸತ್ತಾಗ ರುಮಾಲಿನ ಸಮೇತ ಮಣ್ಣು ಮಾಡಿದರು.

ಪರಸ ಅಜ್ಜಾರ ಮುಂದೆ ಬಂದು ಕೂತ.

"ಇಂಥವರನ್ನ ಕ್ಷಮಿಸಬೇಕೇನ್ರೀ ಅಜ್ಜಾರ?"

"ಬರಲಿ, ನೋಡೂಣು. ಕ್ಷಮಾ ಕೇಳಾಕ ಬರ್ತಾನೋ, ಒಯ್ಯಾಕ ಬರ್ತಾನೋ."

"ಕತ್ತಿ ನಾ ಹಿಡಿಯೂದಿಲ್ರೀ. ನನ್ನ ಕೈ ನನ್ನ ಮಾತು ಕೇಳ್ತದೋ ಇಲ್ಲೋ."

"ಬ್ಯಾಡಾದರ ಬ್ಯಾಡ. ಬೇಕಾದರ ಹಿಡಿ. ನಾ ಏನೂ ಹೇಳೂದಿಲ್ಲ," ಅಂದರು ಅಜ್ಜಾರು.

ಬೆಳಿಗ್ಗೆ ರಾಚಪ್ಪಣ್ಣ ಬಂದರು. ಹಿಂದೆ ಕಾರುಗಳ ಸಾಲು, ಕ್ಯಾಮೆರಾದವರು, ಹಾರ ಹಿಡಿದವರು. ತಲೆ ಅರ್ಧ ನರೆತಿತ್ತು. ಅಜ್ಜಾರ ಕಾಲಿಗೆ ಬಿದ್ದರು. ಸುಳ್ಳು ಹೇಳಬಾರದು, ಕಣ್ಣಲ್ಲಿ ನೀರಿತ್ತು.

"ಅಜ್ಜಾರ, ವಯಸ್ಸಿನ ಹುಚ್ಚಿನಾಗ ಏನೇನೋ ಆಡಿಬಿಟ್ಟೆ. ಈಗ ನೆನಸಿಕೊಂಡರ ನಿದ್ದಿ ಹತ್ತೂದಿಲ್ಲ."

"ಆ ಕಲ್ಲಿನ ಮ್ಯಾಲೆ ಕುಂದ್ರು," ಅಂದರು ಅಜ್ಜಾರು.

ಪರಸನ ಕಾಲುಗಳು ತಾವಾಗಿಯೇ ಎದ್ದವು. ಕತ್ತಿ ತೊಳೆದು ತಂದ. ಕಲ್ಲಿನ ಹಿಂದೆ ನಿಂತ. ರಾಚಪ್ಪಣ್ಣ ಅವನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಆದರೆ ಕ್ಯಾಮೆರಾದವರು ಅವನ ಬಣ್ಣ ನೋಡಿ ಹತ್ತಿರ ಸರಿದರು.

"ಯಾರಿಗೆ ತಪ್ಪು ಮಾಡಿದಿ? ಹೆಸರು ಹೇಳು," ಅಂದರು ಅಜ್ಜಾರು.

"ಸಿದ್ದಿ ಜನಕ್ಕ ಮಾಡೀನ್ರಿ."

"ಅದು ಕುಲದ ಹೆಸರಾತು. ಯಾರ ತಲಿ ಬೋಳಿಸಿದರು?"

"ಭಾಳ ವರ್ಷ ಆತಲ್ರೀ. ಅವರೊಳಗ ಯಾರೋ ಒಬ್ಬ. ಹೆಸರು ಯಾರು ಕೇಳ್ಯಾರ ಆಗ?"

"ಅಂದು ಕುಲ ನೋಡಿ ತಲಿಗೆ ಕೈ ಹಾಕಿಸಿದಿ. ಇಂದೂ ಕುಲ ಹೇಳಿ ಕ್ಷಮಾ ಕೇಳ್ತಿ. ಎದ್ದು ಹೋಗು ರಾಚಪ್ಪ. ಹೆಸರು ತಿಳಕೊಂಡು ಬಾ."

"ಸಂಜೀಕ ಸಭಾ ಐತ್ರೀ ಅಜ್ಜಾರ. ಎಲ್ಲಿ ಹುಡುಕಲಿ?"

ಜನ ಪಿಸುಗುಟ್ಟಿದರು. ಹಾರ ಹಿಡಿದವನು ಹಾರವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ಯಲ್ಲು ಸಿದ್ದಿ," ಅಂದ ಪರಸ.

ಎಲ್ಲರೂ ಅವನತ್ತ ತಿರುಗಿದರು. ಅವನಿಗೇ ಗಾಬರಿಯಾಯಿತು. ಬಾಯಿಗೆ ಬಂದದ್ದು ಬಂದುಬಿಟ್ಟಿತ್ತು. ಅಪ್ಪನ ಹೆಸರನ್ನು ಹತ್ತು ಜನರ ಮುಂದೆ ಯಾರೂ ಎಂದೂ ಹೇಳಿರಲಿಲ್ಲ. ರಾಚಪ್ಪನ ಬಾಯಲ್ಲಿ ಒಮ್ಮೆ, ಒಂದೇ ಒಂದು ಸಲ, ಅದನ್ನು ಕೇಳಬೇಕೆಂಬ ಆಸೆ ಅವನಿಗೆ ಅಷ್ಟಿತ್ತು.

"ಹಾಂ! ಯಲ್ಲು ಸಿದ್ದಿ," ಅಂದರು ರಾಚಪ್ಪಣ್ಣ. ಕ್ಯಾಮೆರಾ ಕಡೆ ತಿರುಗಿ, ಕೈಮುಗಿದು, ಇನ್ನೊಮ್ಮೆ ಅಂದರು. "ಯಲ್ಲು ಸಿದ್ದಿ, ನನ್ನ ತಪ್ಪಾತು."

ಪರಸ ಅಜ್ಜಾರ ಮುಖ ನೋಡಿದ. ಅವರು ಹೊಳೆಯತ್ತ ನೋಡುತ್ತಿದ್ದರು.

ಪರಸ ಕೂದಲು ನೆನೆಸಿದ, ಕತ್ತಿ ಎತ್ತಿದ. ಒಂದು ಗೀರೂ ಆಗದಂತೆ ಬೋಳಿಸಿದ. ನರೆಗೂದಲು ನೀರಿನಲ್ಲಿ ತೇಲಿ ಹೋಯಿತು. ಎದೆ ಹಗುರಾದ ಹಾಗಿತ್ತು ಅವನಿಗೆ.

ರಾಚಪ್ಪಣ್ಣ ಎದ್ದು, ಶಾಲು ಹೊದಿಸುತ್ತಾರೆಂದು ಅಜ್ಜಾರ ಮುಂದೆ ಬಗ್ಗಿ ನಿಂತರು. ಅಜ್ಜಾರು ಶಾಲಿಗೆ ಕೈ ಹಾಕಲಿಲ್ಲ. ರಾಚಪ್ಪಣ್ಣ ತಡಮಾಡದೆ ಪರಸನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ಒಬ್ಬ ಟವೆಲು ಕೊಡಲು ಬಂದರೆ, "ಬ್ಯಾಡೋ, ಜನ ನೋಡಲಿ," ಅಂದರು. ಕಾರುಗಳು ಹೊರಟವು.

ಸಂಜೆ ಹೊಳೆಯಾಚೆ ಸಭೆ. ಮೈಕಿನ ಸದ್ದು ನೀರಿನ ಮೇಲೆ ಹಾದು ಮಠಕ್ಕೆ ಕೇಳುತ್ತಿತ್ತು. ಪರಸ ಕಿವಿಗೊಟ್ಟು ಕೂತ. ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದ.

"ಅಂದು ಆ ಜನದಾಗ ಯಾರೋ ಒಬ್ಬಗ ಸ್ವಲ್ಪ ತೊಂದ್ರಿ ಆಗಿತ್ತು," ಅಂದಿತು ಮೈಕು. "ಇಂದು ಅವರ ಪೈಕಿಯವನೊಬ್ಬ ತನ್ನ ಕೈಯಾರೆ ನನ್ನ ತಲಿ ಬೋಳಿಸ್ಯಾನ. ಇಡೀ ಸಿದ್ದಿ ಸಮಾಜ ನನ್ನ ಕ್ಷಮಿಸೇತಿ. ಅಲ್ಲಿಂದಲ್ಲಿಗೆ ಮುಗೀತು! ನೋಡ್ರಿ ಈ ತಲಿ!"

ಸಭೆ ಚಪ್ಪಾಳೆ ತಟ್ಟಿತು. ಯಾರೋ ಏನೋ ಕೂಗಿದರು. ಸಭೆ ನಕ್ಕಿತು. ಸಂತೆ ಅಂದು ನಕ್ಕದ್ದೂ ಹೀಗೇ ಇದ್ದಿರಬೇಕು.

ಪರಸನಿಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಾರ ಕಡೆ ತಿರುಗಿದ.

"ಅಜ್ಜಾರ, ನೀವಾದ್ರೂ ಯಾಕ ತಡೀಲಿಲ್ರೀ?"

"ನಿಮ್ಮಪ್ಪನ ಹೆಸರು ಕೇಳೂ ಆಸೆ ಇತ್ತು ನಿನಗ. ಅದನ್ನ ಹೆಂಗ ತಡೀಲಪಾ?"

"ನಂದಲ್ಲದ್ದನ್ನ ಕೊಟ್ಟುಬಿಟ್ಟೆ. ರುಮಾಲು ಸುತ್ತಿಕೊಂಡು ಸತ್ತಾಂವ ಅಪ್ಪ. ಕ್ಷಮಾ ಮಾಡಾಕ ನಾ ಯಾರು?"

ಪರಸ ಎದ್ದ. ಕತ್ತಿ ತಂದು ಅಜ್ಜಾರ ಕೈಗೆ ಕೊಟ್ಟ. ಹೋಗಿ ಆ ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದ.

"ಬೋಳಿಸ್ರಿ ಅಜ್ಜಾರ."

ಅಜ್ಜಾರು ಮೆಲ್ಲಗೆ ಮೆಟ್ಟಿಲಿಳಿದು ಬಂದರು. ರೂಢಿಯಂತೆ ಕೇಳಿದರು.

"ಯಾರಿಗೆ ತಪ್ಪು ಮಾಡಿದಿ? ಹೆಸರು ಹೇಳು."

"ಯಲ್ಲು ಸಿದ್ದಿಗೆ," ಅಂದ ಪರಸ. ಅಂದವನೇ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಅಂಗೈ ನೆನೆಸಿಕೊಂಡು ಅವನ ತಲೆಯ ಮೇಲಿಟ್ಟರು. ಬೆರಳುಗಳು ಗುಂಗುರಿನೊಳಗೆ ಹಾಗೇ ನಿಂತವು. ಇನ್ನೊಂದು ಕೈಯಲ್ಲಿದ್ದ ಕತ್ತಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಏಳು ಮಗನ. ಇವು ನಿಮ್ಮಪ್ಪನ ಕೂದಲ. ಒಮ್ಮೆ ಬೋಳಿಸಿದ್ದು ಸಾಕು."